ಆಯಿಯ ಪೂಜೆಯ ಹೊತ್ತು, ನನ್ನ ಊಟದ ಹೊತ್ತು

ನಾವಿದ್ದದ್ದು ಮೆಣಸಿನಕಾಯಿ ಅಂಗಡಿಯ ಮೇಲೆ. ಮದ್ರಾಸಿನ ಪ್ಯಾರೀಸ್ ಕಾರ್ನರಿನಿಂದ ಒಳಗೆ ಹೊಕ್ಕರೆ ಒಂದು ಓಣಿ ಕಾಗದದ್ದು, ಒಂದು ಪಾತ್ರೆಯದು, ಒಂದು ಬಳೆಯದು. ನಮ್ಮದು ಕಿರಾಣಿ ಸಗಟು ವ್ಯಾಪಾರದ್ದು. ಕೆಳಗೆ ಅಪ್ಪನ ಅಂಗಡಿ, ಕಡಿದಾದ ಮರದ ಮೆಟ್ಟಿಲು ಹತ್ತಿದರೆ ಮನೆ. ಹಾವೇರಿ ಕಡೆಯಿಂದ ಲಾರಿ ಬಂದು ಚೀಲ ಇಳಿಸಿದ ದಿನ ಮನೆಮಂದಿಯೆಲ್ಲ ಸೀನುತ್ತಿದ್ದೆವು. ನೆಂಟರು ಕಣ್ಣು ಒರೆಸಿಕೊಳ್ಳುತ್ತಾ ಮೆಟ್ಟಿಲು ಹತ್ತುವುದನ್ನು ಕಂಡ ಎದುರಂಗಡಿಯವರು, ಮೇಲೆ ಯಾರಿಗೇನಾಯಿತು ಎಂದು ಒಮ್ಮೆ ಗಾಬರಿಯಿಂದ ವಿಚಾರಿಸಿದ್ದರಂತೆ. ಅದೇ ಲಾರಿಯಲ್ಲಿ ನಮಗೆಂದು ಜೋಳದ ಚೀಲವೂ ಬರುತ್ತಿತ್ತು. ಮದ್ರಾಸಿನ ಅಂಗಡಿಯಲ್ಲಿ ಸಿಗುವ ಜೋಳ ಗಿಳಿಗೆ ಹಾಕಲಿಕ್ಕೆ ಸರಿ ಎಂದು ಆಯಿ ಹೇಳುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಅಜ್ಜ ತೀರಿಕೊಂಡ ಮೇಲೆ ಮಗನ ಹಿಂದೆ ಈ ಊರಿಗೆ ಬಂದವಳು, ಕಡೆಯವರೆಗೂ ತಮಿಳಿನಲ್ಲಿ 'ವೇಂಡಾಂ' ಎಂಬ ಒಂದೇ ಮಾತನ್ನು ಕಲಿತಳು. ಬೇಡ ಎನ್ನುವುದೊಂದು ಗೊತ್ತಿದ್ದರೆ ಮಾರುವವರೊಂದಿಗೆ ಸಾಕಾಗುತ್ತದೆ ಎಂಬುದು ಅವಳ ವಾದ.

ಮನೆ ರೈಲಿನ ಡಬ್ಬಿಯ ಹಾಗೆ ಉದ್ದಕ್ಕಿತ್ತು. ಮುಂದಿನ ಕೋಣೆ ಆಯಿಯದು, ಅವಳ ಪೂಜೆಯದು. ನಡುವಿನದರಲ್ಲಿ ನಾವೆಲ್ಲ ಮಲಗುತ್ತಿದ್ದೆವು. ಕೊನೆಯದು ಅಡುಗೆಮನೆ. ಬೆಳಿಗ್ಗೆ ಆ ಮುಂದಿನ ಕೋಣೆಯ ಬಾಗಿಲು ತೆರೆಯುವ ತನಕ ಕೊನೆಯ ಕೋಣೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುವಂತಿರಲಿಲ್ಲ. ಆಯಿ ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಕೂತರೆ ಹೊತ್ತಿನ ಲೆಕ್ಕ ಇರುತ್ತಿರಲಿಲ್ಲ. ಬೇರೆ ಮನೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ರಿಯಾಯಿತಿ ಇತ್ತು. ನಮ್ಮ ಮನೆಯಲ್ಲಿ ಇರಲಿಲ್ಲ. ಎಂಟು ತುಂಬುತ್ತಲೇ ಅಕ್ಕ ಶೈಲಾಳಿಗೂ ಆಮೇಲೆ ನನಗೂ ದೀಕ್ಷೆಯಾಗಿತ್ತು. ನಾವು ನಮ್ಮ ಪುಟ್ಟ ಪೂಜೆ ಮುಗಿಸಿ, ಯೂನಿಫಾರ್ಮ್ ಹಾಕಿಕೊಂಡು, ರೊಟ್ಟಿಯ ವಾಸನೆ ಕುಡಿಯುತ್ತಾ ಆಯಿಯ ಬಾಗಿಲ ಕಡೆ ನೋಡುತ್ತಾ ಕೂರುತ್ತಿದ್ದೆವು. ಅದು ಕಷ್ಟ ಎಂದು ನನಗೆ ಅನ್ನಿಸಿರಲಿಲ್ಲ. ಹಸಿವೆಯೆಂದರೆ ಕಾಯುವುದು ಎಂದೇ ತಿಳಿದಿದ್ದೆ. ನಾನು ಸ್ವಭಾವತಃ ಸುಮ್ಮನಿರುವವಳು. ಬಡಿಸಿದರೆ ಉಣ್ಣುವವಳು, ಬಡಿಸದಿದ್ದರೆ ಕೇಳದವಳು.

ನನಗೆ ಒಂಬತ್ತು ನಡೆಯುತ್ತಿದ್ದಾಗ ನೀರಡಿಕೆ ಶುರುವಾಯಿತು. ಮದ್ರಾಸಿನ ಸೆಕೆಯಲ್ಲಿ, ಅದೂ ಮೆಣಸಿನಕಾಯಿ ಮನೆಯಲ್ಲಿ, ಹುಡುಗಿಯೊಬ್ಬಳು ಚೊಂಬುಗಟ್ಟಲೆ ನೀರು ಕುಡಿದರೆ ಯಾರಿಗೆ ವಿಶೇಷವೆನಿಸೀತು? ಫ್ರಾಕು ಸಡಿಲವಾಯಿತು, ಬೆಳೆಯುವ ವಯಸ್ಸು ಎಂದರು. ಒಂದು ಸಂಜೆ ಶಾಲೆಯಿಂದ ಬಂದು ಮೆಟ್ಟಿಲ ಬುಡದಲ್ಲಿ ಕೂತವಳು ಮೇಲೇಳಲಿಲ್ಲ. ಕಣ್ಣು ಬಿಟ್ಟಾಗ ಆಸ್ಪತ್ರೆಯಲ್ಲಿದ್ದೆ. ಅವ್ವ ಕಾಲ ಬಳಿ ಕೂತಿದ್ದಳು. ಬಿಳಿ ಸೀರೆಯ ಮೇಲೆ ಕೋಟು ಹಾಕಿಕೊಂಡ ಡಾಕ್ಟರಮ್ಮ ಅಪ್ಪನಿಗೆ ತಮಿಳಿನಲ್ಲಿ ನಿಧಾನವಾಗಿ ಏನೋ ತಿಳಿಸುತ್ತಿದ್ದರು. ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಇಂಜೆಕ್ಷನ್ ಬೇಕು ಎಂದರು. ಎಷ್ಟು ತಿಂಗಳು ಎಂದು ಅಪ್ಪ ಕೇಳಿದ. ಜೀವ ಇರುವ ತನಕ ಎಂದು ಅವರು ಹೇಳಿದಾಗ ಅಪ್ಪ ಗೋಡೆಯ ಕಡೆ ತಿರುಗಿದ. ಅವ್ವ ಮಾತ್ರ ಅಳಲಿಲ್ಲ. ಅವಳು ಕೇಳಿದ್ದು ಒಂದೇ.

"ಇಕಿಗೆ ಉಣ್ಣಾಕ ಏನ್ ಹಾಕ್ಲಿ? ಅದನ್ನ ಕೇಳ್ರಿ ಮೊದಲ."

ಡಾಕ್ಟರಮ್ಮ ಅಚ್ಚಾದ ಹಾಳೆಯೊಂದನ್ನು ಕೊಟ್ಟರು. ಅದರಲ್ಲಿ ಇಡ್ಲಿ, ದೋಸೆ, ಸುಂಡಲ್ ಎಂಬ ಕಾಳಿನ ಉಸುಳಿ, ಕೀರೆ ಎಂಬ ಸೊಪ್ಪು ಎಲ್ಲ ಇದ್ದವು. ರೊಟ್ಟಿ ಇರಲಿಲ್ಲ, ಝುಣಕ ಇರಲಿಲ್ಲ. ಅವ್ವ ಅದನ್ನು ಅಪ್ಪನಿಂದ ಓದಿಸಿ ಕೇಳಿ ಮಡಿಚಿಟ್ಟಳು. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಒಂದು ರೊಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು, ಮೇಜಿನ ಮೇಲೆ ಬಿಚ್ಚಿಟ್ಟಳು.

"ಎನ್ನಮ್ಮಾ ಇದು?" ಎಂದು ಡಾಕ್ಟರಮ್ಮ ಕೇಳಿದರು.

"ರೊಟ್ಟಿ, ಡಾಕ್ಟರಮ್ಮಾ. ಎಂಗ ಊರು ಸಾಪ್ಪಾಡು. ಜೋಳ, ಜೋಳ." ನಮ್ಮ ಊರಿನ ಊಟ ಎಂದು ಅವ್ವ ತನ್ನ ಹರುಕು ತಮಿಳಿನಲ್ಲಿ ಹೇಳಿದಳು.

"ಓ, ಚೋಳಮಾ!"

ಜೋಳವೂ ಚೋಳವೂ ಒಂದೇ ಎಂದು ಗೊತ್ತಾದದ್ದೇ ಇಬ್ಬರೂ ನಕ್ಕರು. ಆಸ್ಪತ್ರೆಗೆ ಸೇರಿದಾಗಿನಿಂದ ಅವ್ವ ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಡಾಕ್ಟರಮ್ಮ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಚೆನ್ನಾಗಿದೆ, ಆದರೆ ಇದೂ ಅನ್ನದ ಹಾಗೆಯೇ ಲೆಕ್ಕಕ್ಕೆ ಸೇರುತ್ತದೆ, ಜೋಳ ಅಂದ ಮಾತ್ರಕ್ಕೆ ಬೇಕಾದಷ್ಟು ತಿನ್ನಬಹುದು ಅಂದುಕೊಳ್ಳಬೇಡಿ ಎಂದರು. ಯಾವ ಹಿಟ್ಟಾದರೂ ಸರಿ, ದಿನಾ ಅಷ್ಟೇ ದೊಡ್ಡದಿರಬೇಕು, ದಿನಾ ಅದೇ ಹೊತ್ತಿಗೆ ಉಣ್ಣಬೇಕು. ಇಂಜೆಕ್ಷನ್ ಒಳಗೆ ಹೋದ ಮೇಲೆ ಅದು ಯಾರಿಗೂ ಕಾಯುವುದಿಲ್ಲ. ಊಟ ತಡವಾದರೆ ಮಗುವಿನ ರಕ್ತದಲ್ಲಿರುವ ಸಕ್ಕರೆಯನ್ನೇ ತಿಂದು ಹಾಕುತ್ತದೆ. ಬೆವರು, ನಡುಕ, ಕಣ್ಣು ಮಂಜಾಗುವುದು ಶುರುವಾದರೆ ಕೈಗೆ ಸಿಕ್ಕ ಸಿಹಿಯನ್ನು ಬಾಯಿಗೆ ಹಾಕಬೇಕು. ಈ ಕೊನೆಯ ಮಾತನ್ನು ಅವರು ಅವ್ವನಿಗಲ್ಲ, ನನ್ನ ಗಲ್ಲ ಹಿಡಿದು ನನಗೇ ಹೇಳಿದರು.

ಅವ್ವನ ರೊಟ್ಟಿ ನಮ್ಮ ನೆಂಟರಲ್ಲೆಲ್ಲ ಹೆಸರಾಗಿತ್ತು. ಹಂಚಿನ ಅಂಚಿಗೆ ಮುಟ್ಟುವಷ್ಟು ಅಗಲ, ಆಚೆಗಿನ ಬೆಳಕು ಕಾಣುವಷ್ಟು ತೆಳು. ಈಗ ಅವಳು ಡಬ್ಬಿಯ ಮುಚ್ಚಳವೊಂದನ್ನು ಒತ್ತಿ, ಅಂಚು ಕತ್ತರಿಸಿ, ಸಣ್ಣ ರೊಟ್ಟಿ ಮಾಡತೊಡಗಿದಳು. ಮೊದಮೊದಲು ನನಗೊಬ್ಬಳಿಗೆ ಮಾಡಿದಳು. ದೊಡ್ಡ ರೊಟ್ಟಿಗಳ ನಡುವೆ ನನ್ನದು ಆಟದ ಸಾಮಾನಿನಂತೆ ಕಾಣುತ್ತಿತ್ತು. ಒಂದು ದಿನ ನಾನು ಅದನ್ನೇ ನೋಡುತ್ತಾ ಕೂತಿದ್ದೆ. ಮರುದಿನದಿಂದ ಎಲ್ಲರ ತಾಟಿಗೂ ಸಣ್ಣ ರೊಟ್ಟಿಯೇ ಬಂತು. ಅಪ್ಪನಿಗೆ ಹೆಚ್ಚು ಬೇಕಾದರೆ ಹೆಚ್ಚು ಹಾಕುತ್ತಿದ್ದಳು, ಆದರೆ ಅಳತೆ ಒಂದೇ. ಬೆಳಿಗ್ಗೆ ರೊಟ್ಟಿ, ಮೆಂತ್ಯದ ಸೊಪ್ಪು, ಮೊಳಕೆ ಹೆಸರಿನ ಉಸುಳಿ. ಶಾಲೆಯಲ್ಲಿ ನಡುವೆ ಬಾಯಾಡಿಸಲಿಕ್ಕೆ ಸಣ್ಣ ಡಬ್ಬಿಯಲ್ಲಿ ಕಡಲೆ. ಮಧ್ಯಾಹ್ನ ರೊಟ್ಟಿಯ ಜೊತೆ ಒಂದು ಬಟ್ಟಲು ಅನ್ನ, ದಪ್ಪಗಿನ ಬೇಳೆ. ಮಲಗುವ ಮುಂಚೆ ಸಪ್ಪೆ ಹಾಲು. ಮೂತ್ರ ಪರೀಕ್ಷೆ ಅಪ್ಪನ ಪಾಲಿಗೆ ಬಂತು. ಅಡುಗೆಯ ಒಲೆಯ ಹತ್ತಿರ ಅದನ್ನು ಸುಳಿಯಗೊಡುವುದಿಲ್ಲ ಎಂದು ಆಯಿ ಹಟ ಹಿಡಿದದ್ದರಿಂದ ಅಪ್ಪ ಮಾಳಿಗೆಯ ಮೇಲೆ ಸ್ಪಿರಿಟ್ ದೀಪ ಹಚ್ಚಿ, ಗಾಜಿನ ನಳಿಕೆಯಲ್ಲಿ ನೀಲಿ ದ್ರಾವಣ ಕಾಯಿಸುತ್ತಿದ್ದ. ನೀಲಿಯಾಗಿಯೇ ಉಳಿದರೆ ಒಳ್ಳೆಯದು. ಹಸಿರು, ಹಳದಿ, ಕಡೆಗೆ ಇಟ್ಟಿಗೆಗೆಂಪು ಬಂದರೆ ಸಕ್ಕರೆ ಏರಿದೆ ಎಂದರ್ಥ. ಮೆಣಸಿನಕಾಯಿಯ ಕೆಂಪನ್ನು ನೋಡಿಯೇ ಬೆಲೆ ಕಟ್ಟುತ್ತಿದ್ದ ಮನುಷ್ಯ, ಬೆಳಬೆಳಿಗ್ಗೆ ಆ ನಳಿಕೆಯನ್ನು ಆಕಾಶಕ್ಕೆ ಹಿಡಿದು ಕೆಂಪಾಗದಿರಲಿ ಎಂದು ನೋಡುತ್ತಾ ನಿಲ್ಲುತ್ತಿದ್ದ.

ಮನೆಯಲ್ಲಿ ಸಿಹಿ ನಿಂತದ್ದು ಅಕ್ಕನಿಗೆ ದೊಡ್ಡ ಪೆಟ್ಟು. ಅವಳು ಶಾಲೆಯ ರೂಢಿಯಿಂದ ಮನೆಯಲ್ಲೂ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದಳು.

"ಅವಳುಕ್ಕು ಶುಗರ್ ಇರುಂದಾ ನಾನ್ ಏಮ್ಮಾ ಪಟ್ಟಿನಿ ಇರಣುಂ?" ಅವಳಿಗೆ ಶುಗರ್ ಇದ್ದರೆ ನಾನೇಕೆ ಉಪವಾಸ ಇರಬೇಕು ಎಂದು ಒಂದು ಹಬ್ಬದ ದಿನ ಅತ್ತೇಬಿಟ್ಟಳು.

ಅವ್ವ ಅವಳ ಬೆನ್ನಿಗೆ ಒಂದೇಟು ಹಾಕಿದಳು. ಆಮೇಲೆ ತಾನೇ ಕರೆದುಕೊಂಡು ಹೋಗಿ ಓಣಿಯ ತುದಿಯ ಅಂಗಡಿಯಲ್ಲಿ ಜಿಲೇಬಿ ತಿನ್ನಿಸಿ ಬಂದಳು. ಅಕ್ಕ ನನ್ನ ಪಕ್ಕ ಮಲಗಿದಾಗ ಅವಳ ಬೆರಳಿನಿಂದ ತುಪ್ಪದ ವಾಸನೆ ಬರುತ್ತಿತ್ತು. ಅವಳು ಕೈಯನ್ನು ತಲೆದಿಂಬಿನ ಕೆಳಗೆ ತೂರಿಸಿಕೊಂಡಳು. ಅದು ನನ್ನ ಸಲುವಾಗಿ ಎಂದು ನನಗೆ ತಿಳಿಯಿತು.

ಆದರೆ ನಿಜವಾದ ಜಗಳ ಇದ್ದದ್ದು ಆಯಿಗೂ ಗಡಿಯಾರಕ್ಕೂ. ಬೆಳಿಗ್ಗೆ ಅವ್ವ ಸೂಜಿ ಚುಚ್ಚಿದ ಅರ್ಧ ತಾಸಿಗೆ ನಾನು ಉಣ್ಣಬೇಕು. ಆಯಿಯ ಬಾಗಿಲು ತೆರೆದಿರುತ್ತಿರಲಿಲ್ಲ. ಅವ್ವ ನನ್ನನ್ನು ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲಿಸಿ ಉಣಿಸತೊಡಗಿದಳು. ನಾನು ಕದ್ದು ತಿನ್ನುವವಳಂತೆ ಸದ್ದಿಲ್ಲದೆ ಅಗಿಯುತ್ತಿದ್ದೆ. ಆಯಿಗೆ ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ.

"ನೀಲವ್ವಾ, ದೇವರಿಗೆ ಮುಟ್ಟೂಕಿಂತ ಮೊದಲ ಹುಡುಗಿ ಬಾಯಿಗೆ ಹಾಕತಿಯಂತಲ್ಲ?"

"ಇಂಜೆಕ್ಷನ್ ಕೊಟ್ಟ ಮ್ಯಾಲೆ ತಡಾ ಆಗಬಾರದ್ರಿ ಅತ್ತಿ."

"ನಮ್ಮ ಮನ್ಯಾಗ ಹುಟ್ಟಿದ ಕೂಸಿಗೆ ಅಷ್ಟೂ ತಡಕೊಳ್ಳಾಕ ಆಗಂಗಿಲ್ಲೇನು?"

"ಕೂಸು ತಡಕೊಂತೈತ್ರಿ. ಔಷಧ ತಡಕೊಳ್ಳಂಗಿಲ್ಲ."

ಅತ್ತೆಗೆ ಅವ್ವ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವತ್ತಿನಿಂದ ಆಯಿ ಅಡುಗೆಮನೆಗೆ ಬರುವುದನ್ನು ಬಿಟ್ಟಳು. ಅವಳ ತಾಟು ಮುಂದಿನ ಕೋಣೆಗೇ ಹೋಗತೊಡಗಿತು. ಅಪ್ಪ ಇಬ್ಬರ ನಡುವೆ ಓಡಾಡುತ್ತಾ, ಇಬ್ಬರಿಗೂ ಹೌದು ಎನ್ನುತ್ತಾ, ಹೆಚ್ಚು ಹೊತ್ತು ಅಂಗಡಿಯಲ್ಲೇ ಕಳೆಯುತ್ತಿದ್ದ.

ಆ ವರ್ಷ ಅಜ್ಜನ ಪುಣ್ಯತಿಥಿ ಭಾನುವಾರ ಬಂದಿತ್ತು. ಪ್ರತಿ ವರ್ಷ ಆ ದಿನ ಅಯ್ಯನವರು ಬಂದು, ಪಾದಪೂಜೆಯಾಗಿ, ಅವರು ಉಂಡ ಮೇಲೆಯೇ ಉಳಿದವರಿಗೆ ಎಲೆ ಹಾಕುವುದು ಪದ್ಧತಿ. ಈ ಅಯ್ಯನವರು ರೈಲ್ವೆಯಲ್ಲಿ ಕೆಲಸ ಮಾಡುತ್ತಿದ್ದ ಜಂಗಮರು, ಪೆರಂಬೂರಿನ ಕಡೆ ಮನೆ. ನಸುಕಿನಿಂದಲೇ ಅವ್ವ ಒಲೆಯ ಮುಂದಿದ್ದಳು. ಕಡಲೆಬೇಳೆ ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ, ಚಿತ್ರಾನ್ನ. ಬಂದವರು ಹೆಚ್ಚು, ಕೈಗಳು ಕಡಿಮೆ. ನನ್ನ ಇಂಜೆಕ್ಷನ್ ಆಯಿತು, ಬೆಳಗಿನ ರೊಟ್ಟಿಯೂ ಆಯಿತು. ನಡುವೆ ತಿನ್ನಬೇಕಿದ್ದ ಕಡಲೆಯನ್ನು ಆ ಗದ್ದಲದಲ್ಲಿ ಯಾರೂ ನೆನೆಯಲಿಲ್ಲ. ಮಧ್ಯಾಹ್ನವಾಯಿತು. ಅಯ್ಯನವರು ಬರಲಿಲ್ಲ. ಯಾವುದೋ ರೈಲು ನಿಂತಿದೆಯೆಂದು ಅಂಗಡಿಗೆ ಫೋನು ಬಂತು. ಮುಂದಿನ ಕೋಣೆಯಲ್ಲಿ ಅಜ್ಜನ ಪಟದ ಮುಂದೆ ಎಡೆ ಇಟ್ಟು ಬಟ್ಟೆ ಮುಚ್ಚಿದ್ದರು. ನೆಂಟರು ಗೋಡೆಗೆ ಒರಗಿ ಊರಿನ ಸುದ್ದಿ ಮಾತಾಡುತ್ತಿದ್ದರು.

ಮೊದಲು ತುಟಿಯ ಸುತ್ತ ಜುಮ್ಮೆಂದಿತು. ಆಮೇಲೆ ಮಾತುಗಳು ದೂರದಿಂದ ಬರುತ್ತಿರುವಂತೆ ಕೇಳಿದವು. ಅವ್ವನ ಹತ್ತಿರ ಹೋಗಿ ಸೆರಗು ಜಗ್ಗಿದೆ. ಅವಳ ಎರಡೂ ಕೈ ಹಿಟ್ಟಿನಲ್ಲಿದ್ದವು, ಪಕ್ಕದಲ್ಲಿ ಇನ್ನಿಬ್ಬರು ಹೆಂಗಸರು ಏನೋ ಕೇಳುತ್ತಿದ್ದರು. "ತುಸು ತಡಿಯವಾ, ಈಗ ಬಂದ್ಬಿಡ್ತಾರ" ಎಂದಳು, ಮುಖ ನೋಡದೆ. ನಾನು ಮುಂದಿನ ಕೋಣೆಗೆ ವಾಪಸು ಬಂದೆ. ಪಟದಲ್ಲಿ ಅಜ್ಜ ಇಬ್ಬರಾಗಿದ್ದರು. ಡಾಕ್ಟರಮ್ಮ ಗಲ್ಲ ಹಿಡಿದು ಹೇಳಿದ್ದು ನೆನಪಾಯಿತು. ಯಾರನ್ನಾದರೂ ಕೇಳೋಣವೆಂದರೆ ನಾಲಗೆ ಏಳಲಿಲ್ಲ. ಮಂಡಿಯೂರಿ ಕೂತು, ಬಟ್ಟೆ ಸರಿಸಿ, ಎಡೆಯಲ್ಲಿದ್ದ ಹೋಳಿಗೆಯನ್ನು ತೆಗೆದು ಬಾಯಿಗೆ ತುರುಕಿಕೊಂಡೆ.

ಹೆಂಗಸೊಬ್ಬಳು ಅಯ್ಯೋ ಎಂದಳು. ಆಯಿ ಬಂದು ನನ್ನ ರಟ್ಟೆ ಹಿಡಿದು ಎಳೆದಳು, ಹೊಡೆಯಲಿಕ್ಕೆಂದೇ ಇನ್ನೊಂದು ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು.

"ಕೈ ಯಾಕ ಇಷ್ಟ್ ತಣ್ಣಗ ಐತಿ? ನೀರಾಗ ಅದ್ದಿದಂಗ ಐತಲ್ಲ! ನೀಲವ್ವಾ!"

"ಮಯಕ್ಕಂ ವರುದು ಅವಳುಕ್ಕು! ಸ್ವೀಟ್ ಕುಡು, ಆಯಿ, ಸ್ವೀಟ್ ಕುಡು!" ಎಂದು ಅಕ್ಕ ಕೂಗಿದಳು, ನನಗೆ ತಲೆ ಸುತ್ತುತ್ತಿದೆ, ಸಿಹಿ ಕೊಡು ಎಂದು. ಆಯಿಗೆ ಆ ತಮಿಳು ಅರ್ಥವಾಯಿತೋ ಇಲ್ಲವೋ. ಎಡೆಯಲ್ಲಿ ಉಳಿದಿದ್ದ ಬಾಳೆಹಣ್ಣನ್ನು ಅವಳೇ ಸುಲಿದು, ಮುರಿಮುರಿದು ನನ್ನ ಬಾಯಿಗಿಟ್ಟಳು. ಅವ್ವ ಸಕ್ಕರೆ ಕದಡಿದ ನೀರು ಹಿಡಿದು ಓಡಿ ಬಂದಾಗ ನನ್ನ ತಲೆ ಆಯಿಯ ತೊಡೆಯ ಮೇಲಿತ್ತು.

ಅಯ್ಯನವರು ಬಂದದ್ದು ಇನ್ನೂ ಎಷ್ಟೋ ಹೊತ್ತಿನ ಮೇಲೆ, ಬೆವರು ಒರೆಸಿಕೊಳ್ಳುತ್ತಾ. ಎಡೆ ಕೆಟ್ಟಿದ್ದನ್ನು ಆಯಿ ತಾನೇ ಹೇಳಿದಳು. ಅವರು ನನ್ನನ್ನು ನೋಡಿ, "ಕೂಸು ಉಂಡೈತಲ್ಲ, ಆತು ಬಿಡ್ರಿ. ಇನ್ನ ನಮಗೂ ಹಾಕ್ರಿ, ಹಸದು ಬಂದೇನಿ" ಎಂದರು. ಎಲ್ಲರೂ ನಕ್ಕರು. ಆಯಿ ನಗಲಿಲ್ಲ. ಅವಳು ಒಂದೇ ಮಾತಿಗೆ ಬದಲಾಗುವ ಜಾತಿಯಲ್ಲ. ಅಯ್ಯನವರು ಒಪ್ಪಿದರೂ ಗಂಡನ ಎಡೆ ಮುಟ್ಟಿದ್ದು ಅವಳಿಗೆ ನೋವೇ ಆಗಿತ್ತು, ಅದನ್ನವಳು ಮುಚ್ಚಿಡಲಿಲ್ಲ. ಹಲವು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಆಮೇಲೊಂದು ದಿನ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಅವ್ವನನ್ನು ಕೇಳಿದಳು.

"ಸೂಜಿ ಎಷ್ಟೊತ್ತಿಗೆ ಚುಚ್ಚತಿ?"

ಅವ್ವ ಹೇಳಿದಳು. ಆಯಿ ತಲೆಯಾಡಿಸಿ ಹೋದಳು. ಮರುದಿನದಿಂದ ಅವಳ ಪೂಜೆ ನಾವೆಲ್ಲ ಏಳುವ ಮೊದಲೇ ಮುಗಿದಿರುತ್ತಿತ್ತು. ಅಷ್ಟೇ ಆಗಿದ್ದರೆ ಸುಖವಾಗಿತ್ತು. ಗಡಿಯಾರದೊಂದಿಗೆ ರಾಜಿಯಾದ ಮೇಲೆ ಆಯಿ ಅದರ ಪೊಲೀಸಾದಳು. ಮದುವೆ ಮನೆಯಲ್ಲಿ ಮಂಗಳವಾದ್ಯ ನುಡಿಯುತ್ತಿದ್ದರೂ ಸರಿ, "ನಮ್ಮ ಹುಡುಗಿ ಊಟದ ಹೊತ್ತಾತು" ಎಂದು ಪಂಕ್ತಿಗೆ ಮೊದಲೇ ಎಲೆ ಹಾಕಿಸುತ್ತಿದ್ದಳು. ಅವಮಾನದಿಂದ ನಾನು ಭೂಮಿಗಿಳಿದು ಹೋಗುತ್ತಿದ್ದೆ. ಆದರೆ ಆ ಕೂಗನ್ನು ಕೇಳಿ ಕೇಳಿ, ಅದು ನನ್ನದೇ ಗಂಟಲಿಗೆ ಬಂತು. ಮದುವೆಯಾಗಿ ಪೋರೂರಿನ ಗಂಡನ ಮನೆಗೆ ಹೋದ ಮೊದಲ ದಿನವೇ, ಇನ್ನೂ ಹೆಸರು ಸರಿಯಾಗಿ ಗೊತ್ತಿಲ್ಲದ ಜನರ ನಡುವೆ ಎದ್ದು ನಿಂತು, ನನಗೆ ಊಟದ ಹೊತ್ತಾಯಿತು ಎಂದೆ. ಬಡಿಸದಿದ್ದರೆ ಕೇಳದಿದ್ದ ಹುಡುಗಿ ಎಲ್ಲಿ ಹೋದಳೋ ಗೊತ್ತಿಲ್ಲ. ಈಗಲೂ ನಾನು ಆಫೀಸಿನ ಮೀಟಿಂಗಿನಲ್ಲಿ ಡಬ್ಬಿ ಬಿಚ್ಚುತ್ತೇನೆ. ಯಾರೂ ಏನೂ ಅನ್ನುವುದಿಲ್ಲ, ಅಂದರೂ ನನಗೆ ಕೇಳಿಸುವುದಿಲ್ಲ.

ನನ್ನ ಮದುವೆಗೆ ಮುಂಚೆ, ನಾನು ಕಾಲೇಜು ಸೇರಿದ ವರ್ಷ ಆಯಿಯ ಕಾಲಿನ ಗಾಯವೊಂದು ಮಾಯದೆ ಉಳಿಯಿತು. ರಕ್ತ ಪರೀಕ್ಷೆ ಮಾಡಿಸಿದರೆ ಅವಳಿಗೂ ಸಕ್ಕರೆ. ಅವಳದು ನನ್ನಂಥದಲ್ಲ, ವಯಸ್ಸಾದವರಿಗೆ ಬರುವಂಥದ್ದು. ಮಾತ್ರೆ ಸಾಕು, ಆದರೆ ಊಟ ನೋಡಿಕೊಳ್ಳಬೇಕು ಎಂದರು. ಅವ್ವ, ಅತ್ತೆಗೆ ಬೇರೆ ಅಡುಗೆಯೇನು, ಗಿರಿಜಾಳ, ಅಂದರೆ ನನ್ನ, ತಾಟಿನದೇ ಇನ್ನೊಂದು ತಾಟು ಎಂದು ಆ ಕೆಲಸವನ್ನು ನನಗೇ ಒಪ್ಪಿಸಿದಳು. ನಾನು ಆಯಿಗೆ ಬಡಿಸತೊಡಗಿದೆ. ಅವಳ ಸೋಮವಾರದ ಉಪವಾಸವನ್ನು ಡಾಕ್ಟರನ್ನು ಕೇಳಿ, ಬರಿಹೊಟ್ಟೆಯಲ್ಲಿ ಮಾತ್ರೆ ನುಂಗದ ಹಾಗೆ, ಒಂದು ಹೊತ್ತಿನ ಹಗುರ ಊಟಕ್ಕೆ ಇಳಿಸಿದೆ. ಬಾಳೆಹಣ್ಣನ್ನು ಅರ್ಧ ಮಾಡಿದೆ, ಅನ್ನವನ್ನು ಬಟ್ಟಲಿಗೆ ಇಳಿಸಿದೆ, ಕಡಿಮೆಯಾದ ಜಾಗಕ್ಕೆ ಸೊಪ್ಪು, ಹೀರೆಕಾಯಿ ಪಲ್ಯ, ಕೋಸಂಬರಿ ಹಾಕಿ ತಾಟು ತುಂಬಿಸಿದೆ. ಅವಳು ವಾದ ಮಾಡಲಿಲ್ಲ. ಆದರೆ ತಾಟಿನ ಅರ್ಧ ಹಾಗೇ ವಾಪಸು ಬರುತ್ತಿತ್ತು. ಅವಳು ಕುಗ್ಗತೊಡಗಿದಳು.

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ನಾವಿಬ್ಬರೇ ಎದುರುಬದುರು ಕೂತಿದ್ದೆವು. ಆಯಿ ರೊಟ್ಟಿ ಮುರಿದು ಕೈಯಲ್ಲೇ ಹಿಡಿದಿದ್ದಳು. ಕಣ್ಣಲ್ಲಿ ನೀರಿತ್ತು.

"ಎಪ್ಪತ್ತು ವರ್ಷ ಬೇಕಾದ್ದು ತಿಂದೇನಿ. ಈಗ ಒಂದ್ ಹೋಳಿಗಿಗೆ ಅಳತೇನಿ ನೋಡು. ನೀ ಅಷ್ಟ್ ಸಣ್ಣಾಕಿದ್ದಿ, ಒಂದ್ ದಿನಾನೂ ಅಳಲಿಲ್ಲ."

"ಅತ್ತೀನಿ ಆಯಿ. ನಿಮಗ್ಯಾರಿಗೂ ಗೊತ್ತಾಗಬಾರದು ಅಂತ ಕೆಳಗ ಕೈಪಂಪಿನ ಹತ್ರ ಹೋಗಿ ಅಳತಿದ್ದೆ."

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಅಕ್ಕನಿಗೂ. ಆ ಕಾಲದಲ್ಲಿ ಮದ್ರಾಸಿನ ನಲ್ಲಿಗಳಲ್ಲಿ ನೀರು ಬರುತ್ತಿದ್ದದ್ದು ಅಪರೂಪ. ಹಿಂದಿನ ಅಂಗಳದ ಕೈಪಂಪಿನಿಂದ ಕೊಡ ತುಂಬಿ ತರುವ ಕೆಲಸವನ್ನು ನಾನೇ ಕೇಳಿ ವಹಿಸಿಕೊಂಡಿದ್ದೆ. ಆ ಪಂಪಿನ ಗೋಳಾಟದಲ್ಲಿ ಇನ್ನಾವ ಸದ್ದೂ ಕೇಳಿಸುತ್ತಿರಲಿಲ್ಲ.

ಆಯಿ ತಲೆ ತಗ್ಗಿಸಿಯೇ ಇದ್ದಳು.

"ಗೊತ್ತೈತಿ" ಎಂದಳು. "ಕೊಡ ತುಂಬಿ ಚೆಲ್ಲತಿದ್ರೂ ನೀ ಪಂಪ್ ಹೊಡೀತಿದ್ದಿ. ಮ್ಯಾಲಿಂದ ನೋಡತಿದ್ದೆ."

"ಮತ್ತ ಒಮ್ಮಿನೂ ಯಾಕ ಬರಲಿಲ್ಲ?"

"ಬಂದು ಏನ್ ಅನ್ನಲಿ, ಯವ್ವಾ? ತಿನ್ನು ಅನ್ನಾಕೂ ಆಗತಿರಲಿಲ್ಲ, ತಿನಬ್ಯಾಡ ಅನ್ನಾಕೂ ಬಾಯಿ ಬರತಿರಲಿಲ್ಲ."

ನಾನು ಎದ್ದು ಅವಳ ಪಕ್ಕಕ್ಕೆ ಹೋಗಿ ಕೂತೆ, ನನ್ನ ತಾಟನ್ನೂ ಅಲ್ಲಿಗೇ ಎಳೆದುಕೊಂಡೆ. ಆಯಿ ಎಡಗೈಯನ್ನು ನನ್ನ ಬೆನ್ನ ಮೇಲಿಟ್ಟು, ಬಲಗೈಯಲ್ಲಿ ಉಣ್ಣತೊಡಗಿದಳು. ಅವತ್ತು ತಾಟಿನಲ್ಲಿ ಏನೂ ಉಳಿಯಲಿಲ್ಲ. ಉಂಡು ಮುಗಿಯುವವರೆಗೂ ಆ ಕೈ ನನ್ನ ಬೆನ್ನ ಮೇಲೆಯೇ ಇತ್ತು.